ಐದೂವರೆ ಗಂಟೆ ಕಳೆದರೆ

2025ರ ಏಪ್ರಿಲ್‌ನಲ್ಲಿ ಅಪ್ಪ ಮಂಡ್ಯದಿಂದ ಲಂಡನ್ನಿಗೆ ಬಂದಿಳಿದ ಮರುದಿನವೇ ಹೆಂಡತಿ ನನ್ನ ಫೋನಿಗೊಂದು ಲಿಂಕು ಕಳಿಸಿದಳು. ಕೆಳಗೆ ಎರಡೇ ಅಕ್ಷರ: 'ನೋಡ್ರೀ'. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಏನೇನು ನಡೀತಿದೆ ಅನ್ನುವ ಪಟ್ಟಿ. ಮೊಘಲರ ಪ್ರದರ್ಶನ, ಕಾರ್ಟಿಯೇ ಒಡವೆಗಳ ಪ್ರದರ್ಶನ, ಉಪನ್ಯಾಸ, ಕಮ್ಮಟ, ಗೈಡು ಜೊತೆ ಸುತ್ತಾಟ, ಮಕ್ಕಳದ್ದು ಬೇರೆ. ಮದುವೆ ಸೀಸನ್ನಿನಲ್ಲಿ ಫ್ರಿಜ್ಜಿನ ಮೇಲೆ ಬಿದ್ದಿರುವ ಲಗ್ನಪತ್ರಿಕೆಗಳ ಕಟ್ಟಿನ ಹಾಗಿತ್ತು. ಯಾವುದಕ್ಕೆ ಹೋಗೋದು, ಯಾವುದಕ್ಕೆ ಬರೀ ಮುಯ್ಯಿ ಕಳಿಸಿ ಸುಮ್ಮನಾಗೋದು?

ಇಂಥ ಪಟ್ಟಿಯನ್ನು ಕೊನೆತನಕ ಓದುವ ಅಭ್ಯಾಸ ನನಗಿಲ್ಲ. ಅದರ ಫಲ ಆಗಲೇ ಒಂದು ಸಲ ಉಂಡಿದ್ದೆವು. ಈ ಮ್ಯೂಸಿಯಂ ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. 'ಫ್ರೈಡೇ ಲೇಟ್' ಅಂತ ಹಾಡು, ಕುಣಿತ, ಡಿಜೆ ಎಲ್ಲ ಇರುವ ಕಾರ್ಯಕ್ರಮವೂ ಉಂಟು, ಆದರೆ ಅದು ತಿಂಗಳ ಕೊನೆಯ ಶುಕ್ರವಾರ. ನಾನು 'ಶುಕ್ರವಾರ' ಅನ್ನುವಷ್ಟು ಓದಿ, ಎರಡನೇ ವಾರವೇ ಹೆಂಡತಿಯನ್ನು ಹೊರಡಿಸಿಬಿಟ್ಟಿದ್ದೆ. ಹೊಸ ಹೈ ಹೀಲ್ಸು, ಮಿಂಚುವ ಕಿವಿಯೋಲೆ. ಒಳಗೆ ಹೋದರೆ ಸಾಲಾಗಿ ನಿಂತ ಅಮೃತಶಿಲೆಯ ಮೂರ್ತಿಗಳು, ಆಕಳಿಸುತ್ತಿದ್ದ ಒಬ್ಬ ಗಾರ್ಡು, ನಾವಿಬ್ಬರು. "ಡಿಜೆ ಯಾರ್ರೀ ಇವರಲ್ಲಿ?" ಅಂದಳು. ಟಕ್ ಟಕ್ ಅಂತ ಅವಳ ಹೀಲ್ಸಿನದ್ದೇ ಸಂಗೀತ.

ಹಾಗಾಗಿ ಈ ಸಲ ಬಲು ಎಚ್ಚರ. ಕಾರ್ಟಿಯೇಗೆ ನಮಗೆ ಬೇಕಾದ ದಿನದ ಟಿಕೆಟ್ಟು ಖಾಲಿ. ಹೆಂಡತಿಯ ಗೆಳತಿಯೊಬ್ಬಳು ಅಲ್ಲಿ ಮೆಂಬರ್ರು, ಅವಳ ಬಾಲ ಹಿಡಿದು ಇವಳು ಬೆಳಿಗ್ಗೆ ಒಡವೆ ನೋಡುವುದು. ಅಷ್ಟರಲ್ಲಿ ನಾನು ಅಪ್ಪನಿಗೆ ಪುಕ್ಕಟೆ ಗ್ಯಾಲರಿಗಳನ್ನು ತೋರಿಸುವುದು. ಹನ್ನೆರಡಕ್ಕೆ ಸರಿಯಾಗಿ ಮೊಘಲರ ಬಾಗಿಲಲ್ಲಿ ಮೂವರೂ ಸೇರುವುದು. ಏಪ್ರಿಲ್ 26, ಶನಿವಾರ, ಮೂರು ಟಿಕೆಟ್ಟು. ನಾನು ಎರಡು ಸಲ ಪರೀಕ್ಷಿಸಿದೆ, ಹೆಂಡತಿ ಮೂರನೇ ಸಲ ಪರೀಕ್ಷಿಸಿದಳು. ತಪ್ಪಾಗುವುದಕ್ಕೆ ಜಾಗವೇ ಇರಲಿಲ್ಲ.

ಜಾಗ ಇದ್ದದ್ದು ನನ್ನ ಕೋಟಿನ ಒಳಜೇಬಿನಲ್ಲಿ. ಚಳಿಯಿತ್ತು ಅಂತ ಕೋಟು ಹಾಕಿದ್ದೆ, ಒಳಗೆ ಸೆಕೆಯಾಯಿತು ಅಂತ ಕ್ಲೋಕ್‌ರೂಮಿಗೆ ಕೊಟ್ಟೆ, ಅದರ ಜೊತೆಗೇ ಫೋನೂ ಹೋಯಿತು. ಗೊತ್ತಾದದ್ದು 41ನೇ ಕೋಣೆಯಲ್ಲಿ, ಅಪ್ಪನದೊಂದು ಫೋಟೋ ಹೊಡೆಯೋಣ ಅಂತ ಷರಟಿನ ಜೇಬು ತಡವಿದಾಗ. ವಾಪಸ್ ಹೋಗಿ ತರಬಹುದಿತ್ತು. ಆದರೆ ಅಪ್ಪ ಆಗಲೇ ಟಿಪ್ಪುವಿನ ಹುಲಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ.

ಅಪ್ಪ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರಾದವನು. ಹುಲಿ ಒಬ್ಬ ಬಿಳಿ ದೊರೆಯನ್ನು ಅಂಗಾತ ಕೆಡವಿ ಕುತ್ತಿಗೆಗೆ ಬಾಯಿ ಹಾಕಿರುವ ಆ ಮರದ ಗೊಂಬೆಯನ್ನು ಎಲ್ಲರೂ ಮುಂದಿನಿಂದ ನೋಡುತ್ತಿದ್ದರೆ, ಅಪ್ಪ ನೋಡಿದ್ದು ಹುಲಿಯ ಭುಜದ ಹತ್ತಿರ ಹೊರಗೆ ಚಾಚಿಕೊಂಡಿದ್ದ ಹಿಡಿಕೆಯನ್ನು.

"ಇದ್ನ ತಿರುವಿದ್ರೆ ಏನಾಗ್ತದ್ಲಾ?"

"ಕೂಗ್ತದೆ."

"ಯಾರು, ಹುಲಿನೋ ದೊರೆನೋ?"

"ಇಬ್ರೂವೆ."

ಓದಿಕೊಂಡು ಬಂದಿದ್ದನ್ನೆಲ್ಲ ಒಪ್ಪಿಸಿದೆ. ಹಿಡಿಕೆ ತಿರುವಿದರೆ ದೊರೆಯ ಎಡಗೈ ಮೇಲೆ ಕೆಳಗೆ ಆಡುತ್ತದೆ, ಅವನ ಗಂಟಲಿನ ಕೊಳವೆಯಿಂದ ನರಳುವ ದನಿ ಬರುತ್ತದೆ, ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಗುರ್ ಅನ್ನುತ್ತದೆ. ಪಕ್ಕೆಯ ಬಾಗಿಲು ತೆಗೆದರೆ ಒಳಗೆ 18 ಕೀಲಿಗಳ ಪುಟ್ಟ ಆರ್ಗನ್ನು. ಮಾಡಿದ್ದು 1793ರ ಸುಮಾರಿಗೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಸಾರ್ವಜನಿಕರಿಗೆ ಇಟ್ಟಿದ್ದರು. ಬಂದವರೆಲ್ಲ ಹಿಡಿಕೆ ತಿರುವಿ ತಿರುವಿ, ಅಲ್ಲೇ ಲೈಬ್ರರಿಯಲ್ಲಿ ಓದಲು ಕೂತವರ ತಲೆ ಚಿಟ್ಟು ಹಿಡಿಸಿದ್ದರಂತೆ. ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಚಾವಣಿ ಕುಸಿದು ಪುಡಿಯಾದದ್ದನ್ನು ಮತ್ತೆ ಜೋಡಿಸಿದ್ದಾರೆ.

ಅಪ್ಪ ಇದರಲ್ಲಿ ಮೊದಲ ಎರಡು ವಾಕ್ಯ ಮಾತ್ರ ಕೇಳಿಸಿಕೊಂಡ. "ತಿದಿ ಐತೆ, ಪೀಪಿ ಐತೆ, ಒತ್ತೋಕೆ ಕೀಲಿ ಐತೆ. ಹಾರ್ಮೋನಿಯಂ ಕಣ್ಲಾ ಇದು. ಹುಲಿ ಹೊಟ್ಟೇಲಿ ಮಡಗವ್ರೆ ಅಷ್ಟೆ." ಗಾಜಿನ ಸುತ್ತ ಪ್ರದಕ್ಷಿಣೆ ಬಂದ. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಕೆಳಗಿಂದ ನೋಡಿದ. ಬಸ್ಸಿನಡಿ ತೂರುವ ವಯಸ್ಸು ಕಳೆದಿದೆ, ಇಲ್ಲದಿದ್ದರೆ ಅದೂ ಆಗುತ್ತಿತ್ತು.

"ಟೈಮೆಷ್ಟಪ್ಪಾ?" ಅಂದೆ.

ಅಪ್ಪನ ಕೈಯಲ್ಲಿ ಮದುವೆಯಲ್ಲಿ ಮಾವ ಕೊಟ್ಟ ಎಚ್‌ಎಂಟಿ. ಲಂಡನ್ನಿಗೆ ಬಂದರೂ ಮಂಡ್ಯದ ಟೈಮೇ ಅದರಲ್ಲಿ. ಆರು ವಾರಕ್ಕೋಸ್ಕರ ಮುಳ್ಳು ತಿರುಗಿಸೋದು, ಆಮೇಲೆ ವಾಪಸ್ ತಿರುಗಿಸೋದು, ಸುಮ್ಮನೆ ಅದರ ಹಲ್ಲು ಸವೆಯುತ್ತೆ ಅನ್ನುವುದು ಅವನ ವಾದ. "ನಾಕೂವರೆ" ಅಂದ. ಇಂಡಿಯಾಕ್ಕೂ ಇಲ್ಲಿಗೂ ಐದೂವರೆ ಗಂಟೆ. ಎಂಟು ವರ್ಷದಿಂದ ಬಾಯಿಪಾಠ. ಕಳೆದೆ: ಹನ್ನೊಂದು. ಇನ್ನೂ ಒಂದು ಗಂಟೆ ಇದೆ!

ಆ ಕ್ಷಣಕ್ಕೆ ಪಕ್ಕದ ಕೋಣೆಗೆ ಕಾಲಿಟ್ಟಿದ್ದೆವು. ಅಲ್ಲಿ ನೆಲದ ಮೇಲೆ ಹತ್ತು ಮೀಟರಿಗೂ ಉದ್ದದ ಇರಾನಿನ ಆರ್ದಬಿಲ್ ಜಮಖಾನೆ ಹಾಸಿದೆ. 1539–40ರದ್ದು. ಬಣ್ಣ ಮಾಸಬಾರದು ಅಂತ ಕತ್ತಲಲ್ಲಿಟ್ಟು, ಗಂಟೆಗೆ ಸರಿಯಾಗಿ ಒಂದು ಸಲ, ಅರ್ಧ ಗಂಟೆಯಾದಾಗ ಇನ್ನೊಂದು ಸಲ, ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. "ಇಲ್ಲೂ ಲೋಡ್ ಶೆಡ್ಡಿಂಗಾ?" ಅಂತ ಅಪ್ಪ ಕೇಳುತ್ತಿದ್ದ ಹಾಗೇ ದೀಪ ಬಂತು. "ನೋಡು, ಹನ್ನೊಂದಕ್ಕೆ ಸರಿಯಾಗಿ!" ಅಂದೆ. ನನ್ನ ಲೆಕ್ಕಕ್ಕೆ ಮ್ಯೂಸಿಯಮ್ಮೇ ಸಾಕ್ಷಿ ಹೇಳಿದ ಮೇಲೆ ಅನುಮಾನ ಯಾಕೆ ಬರುತ್ತದೆ?

ಉಳಿದ ಒಂದು ಗಂಟೆಯನ್ನು ಅಚ್ಚುಗಳ ಹಜಾರದಲ್ಲಿ ಧಾರಾಳವಾಗಿ ಖರ್ಚು ಮಾಡಿದೆವು. ಯುರೋಪಿನ ಪ್ರಖ್ಯಾತ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು ಅಲ್ಲಿ ಒಟ್ಟಿದ್ದಾರೆ. ರೋಮಿನ ಟ್ರೇಜನ್ ಸ್ತಂಭ ಚಾವಣಿಗೆ ಹಿಡಿಸದೆ ಎರಡು ತುಂಡಾಗಿ ಅಕ್ಕಪಕ್ಕ ನಿಂತಿದೆ. "ಅಳತೆ ತಗಂಡು ಬರೋಕೆ ಯಾರೂ ಇರ್ನಿಲ್ವಾ?" ಅಂದ ಅಪ್ಪ. ಮೈಕೆಲಾಂಜೆಲೋನ ಡೇವಿಡ್‌ನ ಅಚ್ಚು ಐದು ಮೀಟರಿಗೂ ಎತ್ತರ. ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ 1857ರಲ್ಲಿ ಬಂದದ್ದು. ಪೂರ್ತಿ ಬೆತ್ತಲೆ. ರಾಜಮನೆತನದ ಹೆಂಗಸರು ನೋಡಲು ಬಂದಾಗ ತಗುಲಿಹಾಕಲೆಂದೇ ಪ್ಲಾಸ್ಟರಿನ ಅಂಜೂರದ ಎಲೆಯೊಂದನ್ನು ಮಾಡಿಸಿದ್ದರು. ಆ ಎಲೆ ಈಗ ಪೀಠದ ಹಿಂದೆ ಗಾಜಿನೊಳಗೆ ಪ್ರತ್ಯೇಕ ಪ್ರದರ್ಶನಕ್ಕಿದೆ.

ಅಪ್ಪ ಎಲೆ ನೋಡಿದ, ಡೇವಿಡ್‌ನನ್ನು ನೋಡಿದ, ಮತ್ತೆ ಎಲೆ ನೋಡಿದ. "ನಮ್ಮ ಗೊಮ್ಮಟೇಶ್ವರನ ಕಾಲು, ತೋಳೆಲ್ಲ ಬಳ್ಳಿ ಸುತ್ಕೊಂಡೈತೆ. ಅಷ್ಟು ಎಲೆ ಇದ್ರೂ ಒಂದನ್ನಾದ್ರೂ ಅಲ್ಲಿಗೆ ತಂದವ್ರಾ? ಸಾವಿರ ವರ್ಷ ಆಯ್ತು, ಯಾವ ರಾಣಿಗೆ ಏನಾಯ್ತಂತೆ?"

ಆಮೇಲೆ ಕಾಫಿ. ಕಂಬಕ್ಕೆಲ್ಲ ಪಿಂಗಾಣಿ ಹೊದಿಸಿದ ಆ ಕೋಣೆಯ ವೈಭವವನ್ನು ಅಪ್ಪ 'ತೊಳೆಯೋಕೆ ಸಲೀಸು' ಅಂತ ಒಂದೇ ಮಾತಲ್ಲಿ ಮುಗಿಸಿದ. ಐದೂ ಇಪ್ಪತ್ತಾಯಿತು ಅಂದ. ಹನ್ನೊಂದೂ ಐವತ್ತು. ಬಿಂಕದಿಂದ ಎದ್ದು ಹೋಗಿ ಕೋಟು ಬಿಡಿಸಿಕೊಂಡೆ.

ಫೋನಿನಲ್ಲಿ 12:52. ಮಿಸ್ಡ್ ಕಾಲ್ 17. ಅಪ್ಪನ ವಾಚಿನಲ್ಲಿ 5:22.

ಎರಡೂ ಸರಿಯೇ. ಮಾರ್ಚ್ 30ಕ್ಕೆ ಈ ದೇಶದವರು ಬೇಸಿಗೆ ಬಂತು ಅಂತ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ಹಾಗಾಗಿ ವ್ಯತ್ಯಾಸ ನಾಲ್ಕೂವರೆ ಗಂಟೆ ಮಾತ್ರ. ಆ ಜಮಖಾನೆಯ ದೀಪ ಹನ್ನೊಂದಕ್ಕೂ ಹತ್ತುತ್ತದೆ, ಹನ್ನೆರಡಕ್ಕೂ ಹತ್ತುತ್ತದೆ.

ಮೂರು ಟಿಕೆಟ್ಟೂ ನನ್ನ ಫೋನಿನಲ್ಲಿ, ಫೋನು ಕೋಟಿನಲ್ಲಿ, ಹೆಂಡತಿ ಬಾಗಿಲಲ್ಲಿ. ದೂರದಿಂದಲೇ ನನ್ನ ಕೈಯಲ್ಲಿದ್ದ ಕೋಟು ನೋಡಿದಳು. "ಓಹೋ, ಇಷ್ಟು ಹೊತ್ತು ನಾನು ಇದಕ್ಕೆ ಫೋನ್ ಮಾಡ್ತಿದ್ನಾ?" ಅಂದಳು. ಅಪ್ಪ ಪಕ್ಕದಲ್ಲಿದ್ದದ್ದರಿಂದ ಅಷ್ಟಕ್ಕೇ ನಿಂತಿತು. ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ಟು ನೋಡಿ, ನಮ್ಮ ಮೂರು ಮುಖ ನೋಡಿ, ಪಾಪ ಅನ್ನಿಸಿರಬೇಕು, ಒಳಗೆ ಬಿಟ್ಟಳು.

ಅಕ್ಬರ್, ಜಹಾಂಗೀರ್, ಷಹಜಹಾನ್ ಮೂವರ ಕಾಲದ ವೈಭವ. ಹೆಂಡತಿಗೆ ಬೇಕಾಗಿದ್ದದ್ದು ಷಹಜಹಾನನ ಬಿಳಿ ಜೇಡ್ ಮಧುಬಟ್ಟಲು. ಒಂದು ತುದಿಗೆ ಮೇಕೆಯ ತಲೆಯಿರುವ, ಅಂಗೈಯಲ್ಲಿ ಹಿಡಿಸುವಂಥದ್ದು. ಅವಳು "ಮಾವ, ಬನ್ನಿ ಇಲ್ಲಿ" ಅಂತ ತಿರುಗಿದರೆ ಮಾವ ಇಲ್ಲ. ಅಪ್ಪನಿಗೆ ಫೋನ್ ಮಾಡಿದೆ. ಅದು ಮನೆಯಲ್ಲಿ ಚಾರ್ಜಿಗೆ ಹಾಕಿದಲ್ಲೇ ಇತ್ತು ಅಂತ ಆಮೇಲೆ ತಿಳಿಯಿತು. ಹೆಂಡತಿ ಏನೂ ಅನ್ನಲಿಲ್ಲ. ವಂಶವನ್ನೇ ಒಮ್ಮೆ ನೋಡಿದ ಹಾಗೆ ನನ್ನನ್ನು ನೋಡಿದಳು.

ಎಲ್ಲಿರಬಹುದು ಅಂತ ಹೆಚ್ಚು ಯೋಚಿಸಬೇಕಾಗಿರಲಿಲ್ಲ. 41ನೇ ಕೋಣೆಯಲ್ಲಿ ಹುಲಿಯ ಗಾಜಿನ ಮುಂದೆ ಅಪ್ಪ, ಅವನ ಜೊತೆಗೊಬ್ಬ ಆರೇಳು ವರ್ಷದ ಬಿಳಿ ಹುಡುಗ. ಅಪ್ಪ ಗಾಳಿಯಲ್ಲಿ ಹಿಡಿಕೆ ತಿರುವುತ್ತಿದ್ದ. ಹುಡುಗ 'ಗುರ್' ಅನ್ನುತ್ತಿದ್ದ. ಅದಕ್ಕೆ ಸರಿಯಾಗಿ ಅಪ್ಪ ಎಡಗೈಯನ್ನು ಬಾಯಿಯ ಹತ್ತಿರ ಆಡಿಸುತ್ತಾ 'ಅಯ್ಯಯ್ಯಪ್ಪೋ' ಅಂತ ಅಚ್ಚ ಮಂಡ್ಯದ ಕನ್ನಡದಲ್ಲಿ ನರಳುತ್ತಿದ್ದ. ಗಾರ್ಡು ಬೇರೆ ಕಡೆ ನೋಡುತ್ತಾ ನಗು ತಡೆದುಕೊಂಡಿದ್ದಳು.

ರಾತ್ರಿ ಮನೆಗೆ ಬಂದು ಅಪ್ಪ ಡಿಪೋದ ಹಳೇ ಗೆಳೆಯನಿಗೆ ಫೋನ್ ಹಚ್ಚಿದ. ಕಾರ್ಟಿಯೇ, ಮೊಘಲರು, ಡೇವಿಡ್ ಯಾರೂ ಮಾತಿಗೆ ಬರಲಿಲ್ಲ.

"ಹೂಂ ಕಣಪ್ಪ, ಹುಲಿ ನೋಡ್ಕ ಬಂದೆ. ಬಾಡಿ ಗಟ್ಟಿಯಾಗೈತೆ. ಗಾಜಿನೊಳಗೆ ನಿಲ್ಸವ್ರೆ, ಓಡಿಸಂಗಿಲ್ಲ. ಗ್ರೀಸು ನೋಡೋರೇ ಇಲ್ಲ ಅನ್ಸುತ್ತೆ."