ಸತ್ಯಾಂಶ: ಎಂಜಿನಿಯರಿಂಗ್‌ನಲ್ಲಿ ‘ಹೆಣ್ಣಿಗೆ ಹೆಣ್ಣೇ ಶತ್ರು’ವೇ?

‘ಎಂಜಿನಿಯರಿಂಗ್ ಓದುವ ಹುಡುಗಿಯರು ಒಬ್ಬರನ್ನೊಬ್ಬರು ಬೆಳೆಯಗೊಡುವುದಿಲ್ಲ’ ಎಂಬ ಸಂದೇಶ ಗುಂಪಿನಿಂದ ಗುಂಪಿಗೆ ಹರಿದಾಡುತ್ತಿದೆ. ಇದು ನಿಜವಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಾರಾ ಡೆನ್ನೆಹಿ ಮತ್ತು ನೀಲಾಂಜನಾ ದಾಸ್‌ಗುಪ್ತಾ 150 ಎಂಜಿನಿಯರಿಂಗ್ ವಿದ್ಯಾರ್ಥಿನಿಯರನ್ನು ಅಧ್ಯಯನ ಮಾಡಿ, 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಮಾರ್ಗದರ್ಶಿಯಾಗಿ ಸೀನಿಯರ್ ಹುಡುಗಿ, ಕೆಲವರಿಗೆ ಸೀನಿಯರ್ ಹುಡುಗ, ಉಳಿದವರಿಗೆ ಯಾರೂ ಇಲ್ಲ. ಸೀನಿಯರ್ ಹುಡುಗಿಯ ಆಸರೆ ಸಿಕ್ಕವರಲ್ಲಿ ಮೊದಲ ವರ್ಷದ ಕೊನೆಗೆ ಒಬ್ಬಳೂ ಎಂಜಿನಿಯರಿಂಗ್ ಬಿಟ್ಟಿರಲಿಲ್ಲ. ನನಗೆ ಮುಖ್ಯವೆನಿಸಿದ್ದು ಇದು: ಅವರನ್ನು ಹಿಡಿದು ನಿಲ್ಲಿಸಿದ್ದು ಅಂಕಗಳಲ್ಲ, ‘ನಾನೂ ಇಲ್ಲಿಯವಳೇ’ ಎಂಬ ಭಾವ ಮತ್ತು ಆತ್ಮವಿಶ್ವಾಸ.

ಪೈಪೋಟಿ, ಮುನಿಸು ಇರುವುದಿಲ್ಲವೇ? ಇರುತ್ತದೆ, ಹುಡುಗರಲ್ಲೂ. ಆದರೆ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೈಕೊಟ್ಟಾಗ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, ‘ನನಗೂ ಹೀಗೇ ಆಗಿತ್ತು ಕಣೇ, ಗ್ರೌಂಡ್ ವೈರ್ ನೋಡು’ ಎನ್ನುವವಳೂ ಇದ್ದಾಳೆ.