ಬೆಲೆ ಏರಿಸಿದರೆ ಮಂಗನ ಕಾಯಿಲೆಗೆ ಮದ್ದು ಬರುತ್ತಾ?

ಹೊಸ ಔಷಧಿಯೊಂದಕ್ಕೆ 260 ಕೋಟಿ ಡಾಲರ್ ಖರ್ಚು, ಒಳ್ಳೇ ಬೆಲೆ ಸಿಕ್ಕರಷ್ಟೇ ಸಂಶೋಧನೆ ನಡೆಯುತ್ತದೆ ಅಂತ ಬರೆದಿದ್ದೀರಿ. ಆ ಅಂಕಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ 2014ರ ಲೆಕ್ಕದ್ದು. ಅದರಲ್ಲಿ ಕೈಯಿಂದ ಹೋದದ್ದು ಸುಮಾರು 140 ಕೋಟಿ, ಸೋತ ಔಷಧಿಗಳದ್ದೂ ಸೇರಿ. ಉಳಿದದ್ದು ಅದೇ ದುಡ್ಡನ್ನು ಬೇರೆ ಕಡೆ ಹಾಕಿದ್ದರೆ ಬರುತ್ತಿದ್ದ ಲಾಭ! ಅದಿರಲಿ. ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ. ಅದಕ್ಕೆಂದೇ ಮಾಡಿದ ಔಷಧಿ ಇವತ್ತಿಗೂ ಇಲ್ಲ. ಪರಿಣಾಮ ಸಾಲದೆ ಹಳೇ ಲಸಿಕೆಯೂ ನಿಂತಿತು. ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗುವವರು ಈ ಕಾಯಿಲೆ ಹರಡುವ ಉಣುಗು ಕಚ್ಚದಿರಲಿ ಅಂತ ಕೈಕಾಲಿಗೆ ಡೇಪಾ ಎಣ್ಣೆ ಸವರಿಕೊಳ್ಳುತ್ತಾರೆ, ಅಷ್ಟೇ. ಇವರಿಗೆ ಯಾವ ಬೆಲೆ ಹಾಕಿ ಮಾರುತ್ತೀರಿ? ಹೊಸ ಲಸಿಕೆಗೆ ಈಗ ಮುಂದಾಗಿರುವುದೂ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್, ಅಂದ್ರೆ ಸರ್ಕಾರಿ ದುಡ್ಡೇ ಅಲ್ವಾ?