ಯಾವ ರಾಮಚಂದ್ರ ಹೆಗಡೆ?

ಈಗಷ್ಟೇ ಮನೆಗೆ ಬಂದೆ. ಕಾಲು ತೊಳೆದು ಸೀದಾ ಬರೆಯೋಕೆ ಕೂತಿದ್ದೇನೆ. ಹೊಟ್ಟೆ ಉರೀತಾ ಇದೆ. ಅಡುಗೆ ಆಮೇಲೆ ನೋಡಿಕೊಂಡರಾಯಿತು.

ಶಿರಸಿಯಲ್ಲಿ ಇವತ್ತು ಸಂಜೆ ಒಂದು ಕಾರ್ಯಕ್ರಮ ಇತ್ತು. ಯಾರು ಮಾಡಿದ್ದು, ಎಲ್ಲಿ ಅಂತ ಹೇಳೋದಿಲ್ಲ, ಹೇಳಿ ಜಗಳ ಮಾಡೋದು ನನಗೆ ಬೇಕಾಗಿಲ್ಲ. ಬಾಗಿಲಲ್ಲೇ ಅಡಿಕೆ ದಬ್ಬೆಗೆ ಕಟ್ಟಿದ ದೊಡ್ಡ ಫ್ಲೆಕ್ಸ್. ಮೇಲೆ 'ನಮ್ಮ ಜಿಲ್ಲೆಯ ಹೆಮ್ಮೆ' ಅಂತ ಕೆಂಪಕ್ಷರ. ಕೆಳಗೆ ಸಾಲಾಗಿ ಫೋಟೊ. ಖುಷಿಯಿಂದ ನೋಡೋಕೆ ಹೋದೆ. ಮೊದಲನೇ ಸಾಲಲ್ಲೇ ಸುಕ್ರಜ್ಜಿ, ನಮ್ಮ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ. ಕುತ್ತಿಗೆ ತುಂಬ ಕರಿಮಣಿ, ಅದೇ ನಗು. ಕೆಳಗೆ ಏನು ಬರೆದಿದ್ದರು ಗೊತ್ತಾ? 'ತುಳಸಿ ಗೌಡ, ವೃಕ್ಷಮಾತೆ'. ಅದು ಬೇರೆ ಅಜ್ಜಿಯ ಹೆಸರು.

ಅದರ ಪಕ್ಕದ ಚೌಕದಲ್ಲಿ ವೇಷ ಕಟ್ಟಿದ ಒಬ್ಬರ ಫೋಟೊ. ಅಡಿಯಲ್ಲಿ 'ರಾಮಚಂದ್ರ ಹೆಗಡೆ, ಯಕ್ಷಗಾನ ಕಲಾವಿದರು'. ಅಷ್ಟೇ. ಊರಿಲ್ಲ. ಜೊತೆಗಿದ್ದ ನಾಲ್ಕು ಸಾಲಿನಲ್ಲಿ ಎರಡು ಸಾಲು ಚಿಟ್ಟಾಣಿಯವರದ್ದು, ಎರಡು ಸಾಲು ಕೊಂಡದಕುಳಿಯವರದ್ದು. ಇಬ್ಬರ ಹೆಸರೂ ರಾಮಚಂದ್ರ ಹೆಗಡೆ, ಊರು ಬೇರೆ ಬೇರೆ. ಇಬ್ಬರನ್ನು ಸೇರಿಸಿ ಒಬ್ಬರನ್ನು ಮಾಡಿದ್ದರು.

ಸಂಘಟಕರಲ್ಲಿ ಒಬ್ಬರನ್ನು ಕರೆದು ತೋರಿಸಿದೆ. ನನಗಿಂತ ಚಿಕ್ಕವರು, ಓದಿದವರು. ನೋಡಿದರು. ಮತ್ತೆ ಹೇಳಿದರು, "ಇರ್ಲಿ ಬಿಡಿ ಅಕ್ಕಾ, ಎಲ್ಲ ನಮ್ಮವರೇ ಅಲ್ವಾ."

ಈ ಮಾತು ದಾರಿಯುದ್ದಕ್ಕೂ ಕಿವಿಯಲ್ಲಿ ಕೂತಿತ್ತು. ಎಲ್ಲ ನಮ್ಮವರೇ ಅಲ್ವಾ. ನಮ್ಮವರು ಆಗಿದ್ದಕ್ಕೇ ಅಲ್ವಾ ಸರಿಯಾಗಿ ಗೊತ್ತಿರಬೇಕಾಗಿದ್ದು?

ಮೊದಲು ಅಜ್ಜಿಯಂದಿರ ವಿಷಯ ಹೇಳ್ತೇನೆ. ಇಬ್ಬರೂ ಅಂಕೋಲಾದವರು, ಇಬ್ಬರೂ ಹಾಲಕ್ಕಿ ಒಕ್ಕಲಿಗರು, ಇಬ್ಬರಿಗೂ ಪದ್ಮಶ್ರೀ, ಇಬ್ಬರ ಹೆಸರಲ್ಲೂ ಗೌಡ. ಸುಕ್ರಿ ಬೊಮ್ಮಗೌಡ ಬಡಗೇರಿಯವರು. ಹಾಡು ಅವರ ಜೀವ. ಎಷ್ಟು ಹಾಡು ಅವರ ಬಾಯಲ್ಲಿತ್ತು ಅಂದರೆ ಕೂತು ಬರೆದುಕೊಂಡವರೇ ಸುಸ್ತಾದರು. ಊರಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರೂ ಅವರೇ. ಪದ್ಮಶ್ರೀ ಬಂದಿದ್ದು 2017ರಲ್ಲಿ. ತುಳಸಿ ಗೌಡ ಹೊನ್ನಳ್ಳಿಯವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ ಬೀಜ ಆರಿಸಿ, ಸಸಿ ಮಾಡಿ, ಕಾಡು ಬೆಳೆಸಿದವರು. 1986ರಲ್ಲೇ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂದಿತ್ತು. 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ತಗೊಂಡಿದ್ದು ಇವರು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ ಹೋದರು, ಎರಡು ತಿಂಗಳಿಗೆ ಸುಕ್ರಜ್ಜಿ. ಆಗಲೂ ನೋಡಿದೆ, ಒಬ್ಬರ ಫೋಟೊಕ್ಕೆ ಇನ್ನೊಬ್ಬರ ಹೆಸರು ಹಾಕಿ 'ಓಂ ಶಾಂತಿ' ಅಂತ ಹಂಚಿದ್ದೇ ಹಂಚಿದ್ದು.

ಒಬ್ಬರು ಬದುಕಿಡೀ ಹಾಡಿದರು. ಒಬ್ಬರು ಬದುಕಿಡೀ ಗಿಡ ನೆಟ್ಟರು. ಸೀರೆ ಉಡೋ ಕ್ರಮ ಒಂದೇ, ಮಣಿಸರ ಒಂದೇ ಅಂತ ಆ ಇಬ್ಬರನ್ನೂ 'ಹಾಲಕ್ಕಿ ಅಜ್ಜಿ' ಅಂತ ಒಂದೇ ಬುಟ್ಟಿಗೆ ಹಾಕಿದರೆ ಅದು ಪ್ರೀತಿ ಅಲ್ಲ. ಮುಖ ನೋಡದೇ ಬಟ್ಟೆ ನೋಡಿದ ಹಾಗೆ.

ಇನ್ನು ನಮ್ಮ ರಾಮಚಂದ್ರ ಹೆಗಡೆಯವರು. ನಿಮಗೆ ಗೊತ್ತಲ್ಲ, ನಾನು ಹೊನ್ನಾವರದ ಕಡೆಯ ಕೂಸು, ಮದುವೆಯಾಗಿ ಘಟ್ಟ ಹತ್ತಿದವಳು. ಆಟ, ಅಂದರೆ ಯಕ್ಷಗಾನ, ನೋಡುತ್ತಲೇ ಬೆಳೆದವಳು. ಅಪ್ಪಯ್ಯನ ಹೆಗಲ ಮೇಲೆ ಕೂತು, ಸೂಡಿ ಬೆಳಕಲ್ಲಿ ಗದ್ದೆ ದಾಟಿ ಹೋಗಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ನೋಡಿದ್ದೇನೆ. ಕೀಚಕ ನೋಡಿದ್ದೇನೆ. ಆ ಕಣ್ಣು, ಆ ಕುಣಿತ, ಸೈರಂಧ್ರಿಯನ್ನು ಕಂಡಾಗ ಮೈಯೆಲ್ಲ ಆಡುವ ಆ ಪರಿ! ಚಿಕ್ಕವಳಿದ್ದಾಗ ಹೆದರಿ ಅಪ್ಪಯ್ಯನ ಶಾಲು ಮುಖಕ್ಕೆ ಮುಚ್ಚಿಕೊಂಡಿದ್ದೆ. ಯಕ್ಷಗಾನಕ್ಕೆ ಮೊದಲ ಪದ್ಮಶ್ರೀ ಬಂದಿದ್ದು ಅವರಿಂದ, 2012ರಲ್ಲಿ. ಕೊಂಡದಕುಳಿ ರಾಮಚಂದ್ರ ಹೆಗಡೆಯವರೂ ಅದೇ ಹೊನ್ನಾವರ ತಾಲ್ಲೂಕಿನವರು, ಅದೇ ಬಡಗುತಿಟ್ಟು ಶೈಲಿಯವರು. ಆದರೆ ಅವರ ನಡೆಯೇ ಬೇರೆ, ಮಾತೇ ಬೇರೆ. ಆಟ ನೋಡುವ ಯಾರನ್ನಾದರೂ ಕೇಳಿ, ಕಣ್ಣು ಮುಚ್ಚಿ ಚಂಡೆ ಸದ್ದಿನ ನಡುವೆ ಮಾತು ಕೇಳಿ ಇವರು ಯಾರು ಅಂತ ಹೇಳ್ತಾರೆ. ಅಂಥ ಇಬ್ಬರನ್ನು ನಾಲ್ಕು ಸಾಲಲ್ಲಿ ಕಲಸಿ ಇಟ್ಟರೆ ಇಬ್ಬರಿಗೂ ಅನ್ಯಾಯ.

ನಮ್ಮಲ್ಲಿ ಒಂದೇ ಹೆಸರು ಇಷ್ಟು ಜಾಸ್ತಿ ಯಾಕೆ ಅಂತ ಹೊರಗಿನವರು ಕೇಳ್ತಾರೆ. ಹೆಸರೆಲ್ಲ ದೇವರದ್ದು ಅದಕ್ಕೆ. ಗೋಕರ್ಣದ ಮಹಾಬಲೇಶ್ವರ ಇದ್ದಾನೆ, ಹಾಗಾಗಿ ಊರಿಗೆ ಮೂರು ಮಹಾಬಲ. ಇಡಗುಂಜಿ ಇದೆ, ಮನೆಗೊಬ್ಬ ಗಣಪತಿ, ವಿನಾಯಕ. ಮಂಜುಗುಣಿಗೆ ನಡೆದುಕೊಳ್ಳುವ ಮನೆಯಲ್ಲಿ ವೆಂಕಟ್ರಮಣ. ಮೇಲಿಂದ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ. ಹೆಗಡೆ ಅನ್ನೋದೂ ಮನೆತನದ ಸ್ವತ್ತಲ್ಲ. ಹೆಗ್ಗಡೆ ಅಂದರೆ ಊರಿನ ಮುಖ್ಯಸ್ಥ, ಅದೊಂದು ಹುದ್ದೆ. ಅದಕ್ಕೇ ನಮ್ಮಲ್ಲೂ ಹೆಗಡೆ, ಬಂಟರಲ್ಲೂ ಹೆಗ್ಡೆ, ಧರ್ಮಸ್ಥಳದಲ್ಲಿ ಹೆಗ್ಗಡೆ. ನಾಯಕ, ಗೌಡ ಕೂಡ ಹಾಗೇ. ಅಂಕೋಲೆಯ ನಾಯಕರೇ ಬೇರೆ, ಚಿತ್ರದುರ್ಗದ ನಾಯಕರೇ ಬೇರೆ. ಬೆಂಗಳೂರಲ್ಲಿ ಒಬ್ಬರು ನನ್ನನ್ನು ಕೇಳಿದ್ದರು, ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ನಿಮ್ಮ ರಾಮಕೃಷ್ಣ ಹೆಗಡೆಯವರ ಮಗನಾ ಅಂತ. ಅವರು ಲೋಕಸಭೆಯ ಸ್ಪೀಕರ್ ಆಗಿದ್ದ ಕೆ.ಎಸ್. ಹೆಗ್ಡೆಯವರ ಮಗ, ಕಾರ್ಕಳದ ಕಡೆಯವರು. 1983ರಲ್ಲಿ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆ ನಮ್ಮ ಸಿದ್ದಾಪುರದ ದೊಡ್ಮನೆಯವರು. ಆ ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿರಲಿಲ್ಲ, ಕೇಳಿದರು. ಕೇಳಿದ್ದೇ ದೊಡ್ಡದು.

ಇಷ್ಟು ಹೆಸರು ಒಂದೇ ಆದಾಗ ನಮ್ಮ ಹಿರಿಯರು ಏನು ಮಾಡಿದರು? ಊರಿನ ಹೆಸರು ಮುಂದೆ ಇಟ್ಟರು. ಮನೆಯ ಹೆಸರು ಇಟ್ಟರು. ಮೇಲಿನಮನೆ, ಕೆಳಗಿನಮನೆ, ತೋಟದಮನೆ. ಕೆರೆಮನೆ ಕೂಡ ಅಂಥದ್ದೇ. ಆ ಒಂದೇ ಮನೆಯಿಂದ ಎಷ್ಟು ಜನ ಬಂದರು ನೋಡಿ. 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಶಿವರಾಮ ಹೆಗಡೆಯವರು, ಅವರ ಮಗ ಶಂಭು ಹೆಗಡೆಯವರು, ಈಗ ಮೇಳ ನಡೆಸುವ ಮೊಮ್ಮಗ ಶಿವಾನಂದ ಹೆಗಡೆಯವರು. ರಾಗದಲ್ಲಿ ಮಾತಾಡ್ತಾರೇನೋ ಅನ್ನಿಸುತ್ತಿದ್ದ ಮಹಾಬಲ ಹೆಗಡೆಯವರು. ಸ್ತ್ರೀವೇಷದ ಗಜಾನನ ಹೆಗಡೆಯವರು. ಶಂಭು ಹೆಗಡೆಯವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಕಟ್ಟಿದರು, ಅದೇ ಕೊನೆಯ ವೇಷ. ಮಹಾಬಲ ಹೆಗಡೆಯವರು ಹೋಗಿದ್ದೂ ಅದೇ ವರ್ಷ. ಇವತ್ತಿನ ಫ್ಲೆಕ್ಸ್‌ನಲ್ಲಿ 'ಕೆರೆಮನೆ ಹೆಗಡೆ' ಅಂತ ಒಂದೇ ಚೌಕ ಇತ್ತು. ಯಾವ ಕೆರೆಮನೆ ಹೆಗಡೆ ಅಂತ ಕೇಳಿದ್ದಕ್ಕೂ ಅದೇ ಉತ್ತರ. ಎಲ್ಲ ನಮ್ಮವರೇ ಅಲ್ವಾ.

ಪುಸ್ತಕಗಳಿಗೂ ಇದೇ ಗತಿ. ಹನೇಹಳ್ಳಿಯ ಚಿತ್ತಾಲರು ಇಬ್ಬರು, ಅಣ್ಣ ಗಂಗಾಧರ ಕವಿ, ತಮ್ಮ ಯಶವಂತ ಕತೆ, ಕಾದಂಬರಿ ಬರೆದವರು. 'ಹರಿವ ನೀರಿದು' ಅಣ್ಣನದ್ದು. ಅದನ್ನು ತಮ್ಮನ ಹೆಸರಿಗೆ ಹಾಕಿದ್ದನ್ನು ಕಣ್ಣಾರೆ ಓದಿದ್ದೇನೆ. ಯಶವಂತರ 'ಶಿಕಾರಿ' ಓದಿ ಅಂತ ಪರಿಚಯದ ಹುಡುಗನಿಗೆ ಹೇಳಿದರೆ, "ಅದು ಮಮ್ಮುಟ್ಟಿ ಸಿನಿಮಾ ಅಲ್ವಾ ಆಂಟಿ" ಅಂದ. 2012ರ ಆ ಸಿನಿಮಾಕ್ಕೂ 1979ರ ಕಾದಂಬರಿಗೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಅವನಿಗೆ ಪುಸ್ತಕವನ್ನೇ ಕೊಟ್ಟು ಕಳಿಸಿದೆ.

ಮಯೂರನ ಕತೆ ಇನ್ನೂ ಬೇಜಾರು. ಬನವಾಸಿ ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಮಧುಕೇಶ್ವರ ದೇವಸ್ಥಾನದ ಎದುರು ನಿಂತು ಒಬ್ಬ ತಂದೆ ಮಗಳಿಗೆ ವಿವರಿಸುತ್ತಿದ್ದರು, ಪೂರ್ತಿ ಸಿನಿಮಾದ ಕತೆ. 1975ರ ರಾಜಕುಮಾರ್ ಸಿನಿಮಾ ನನಗೂ ಪ್ರಾಣ. ಆದರೆ ಅದು ದೇವುಡು ಅವರ ಕಾದಂಬರಿಯಿಂದ ಬಂದ ಸಿನಿಮಾ. ಕದಂಬರ ಮಯೂರ ಯಾರು ಅಂತ ತಿಳಿಯೋಕೆ ತಾಳಗುಂದದ ಕಂಬದ ಶಾಸನ ನೋಡಬೇಕು. ಅಲ್ಲಿ ಅವನು ಮಯೂರಶರ್ಮ. ಓದೋಕೆ ಅಂತ ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದವನು. ಸಂಸ್ಕೃತದಲ್ಲಿ 'ಸೂರ್ಯಶತಕ' ಬರೆದ ಮಯೂರ ಕವಿ ಮತ್ತೊಬ್ಬ, ಹರ್ಷನ ಕಾಲದವನು. ತಿಂಗಳಿಗೊಮ್ಮೆ ಬರುವ 'ಮಯೂರ' ಪತ್ರಿಕೆ ಬೇರೆ, ಸರ್ಕಾರದ ಮಯೂರ ಹೋಟೆಲ್‌ಗಳು ಬೇರೆ. ಮಕ್ಕಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದರೆ ಎಷ್ಟು ಖುಷಿಯಿಂದ ಕೇಳ್ತಾರೆ ಗೊತ್ತಾ? ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ, ನನಗೆ ಗೊತ್ತು.

ಮಗಳು ಈಗ ಫೋನ್ ಮಾಡಿದ್ದಳು. ಅವಳಿಗೆ ಇದನ್ನೆಲ್ಲ ಹೇಳಿದೆ. "ಆಯೀ, ಯಾವ ಊರು, ಯಾರ ಮನೆ ಅಂತ ಕೇಳೋದೇ ತಪ್ಪು. ಅದರ ಹಿಂದೆ ಇರೋದು ಜಾತಿ" ಅಂದಳು. ಅವಳ ಮಾತಲ್ಲಿ ನಿಜ ಇದೆ. ಊರು ಕೇಳಿ, ಅಡ್ಡಹೆಸರು ಕೇಳಿ, ಆಮೇಲೆ ಲೋಟ ಬೇರೆ ಇಟ್ಟ ಮನೆಗಳನ್ನು ನಾನೂ ನೋಡಿದ್ದೇನೆ. ಹಾಗೆ ಕೇಳುವವರ ಜೊತೆ ನಾನಿಲ್ಲ. ಆದರೆ ಜಾತಿ ಕೇಳುವವನಿಗೆ ಮನುಷ್ಯ ಬೇಕಾಗಿಲ್ಲ, ಅವನಿಗೆ ಗುಂಪು ಗೊತ್ತಾದರೆ ಸಾಕು. ನಾನು ಹೇಳ್ತಾ ಇರೋದು ಅದರ ಉಲ್ಟಾ. ಗುಂಪಿನಿಂದ ಒಬ್ಬರನ್ನು ಬಿಡಿಸಿ, ಇವರು ಇವರೇ, ಬೇರೆಯವರಲ್ಲ ಅಂತ ಗುರುತಿಸೋದು. ಸುಕ್ರಜ್ಜಿಯನ್ನು ತುಳಸಜ್ಜಿ ಮಾಡಿದವರಿಗೆ ಅವರ ಜಾತಿ ಸರಿಯಾಗೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದಿದ್ದು ಸುಕ್ರಜ್ಜಿ ಯಾರು ಅನ್ನೋದು.

ನನಗೆ ಇಷ್ಟು ಸಂಕಟ ಯಾಕೆ ಅಂತ ಹೇಳಿಬಿಡ್ತೇನೆ. ಇಲ್ಲಿ ಇದುವರೆಗೆ ಬರೆದಿರಲಿಲ್ಲ.

ನನ್ನ ಅಪ್ಪಯ್ಯನ ಹೆಸರೂ ರಾಮಚಂದ್ರ ಹೆಗಡೆ. ಚಿಟ್ಟಾಣಿಯವರು ಹೋದ ದಿನ, 2017ರ ಅಕ್ಟೋಬರ್ 3, ನಾನು ತವರಲ್ಲೇ ಇದ್ದೆ. ಮರುದಿನ ಬೆಳಿಗ್ಗೆ ಫೋನ್ ಬಂತು, ಆ ಕಡೆ ದೂರದ ನೆಂಟರು ಅಳುತ್ತಿದ್ದರು. ಎಲ್ಲೋ ಅರ್ಧ ಸುದ್ದಿ ಕೇಳಿದ್ದರು. ಅಪ್ಪಯ್ಯ ಜಗಲಿಯಲ್ಲಿ ಎಲೆಅಡಿಕೆ ಕವಳ ಹಾಕುತ್ತ ಕೂತಿದ್ದ. ಫೋನ್ ತಗೊಂಡು, "ನಾನು ಇದ್ದಿ, ಹೋದವು ಚಿಟ್ಟಾಣಿಯವು" ಅಂದ. ಆಮೇಲೆ ಕವಳದ ತಬಕು ಬದಿಗಿಟ್ಟು ಎದ್ದುಹೋದ. ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

ಎರಡು ವರ್ಷ ಬಿಟ್ಟು ಅಪ್ಪಯ್ಯ ಹೋದ. ಪತ್ರಿಕೆಯಲ್ಲಿ ಒಂದು ಮೂಲೆಯಲ್ಲಿ ಸಣ್ಣ ಸುದ್ದಿ ಬಂತು. ನಾವು ಊರು, ಮನೆ ಹೆಸರು ಎಲ್ಲ ಬರೆದು ಕೊಟ್ಟಿದ್ದೆವು. ಜಾಗ ಸಾಲದು ಅಂತ ಅದನ್ನೇ ತೆಗೆದುಹಾಕಿದ್ದರು. ಬರೀ ಹೆಸರು, 'ಕೃಷಿಕರು, ನಿಧನರಾದರು', ಅಷ್ಟೇ ಉಳಿದಿತ್ತು.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಅಂಗಳದಲ್ಲಿ ಯಾರೋ ನಿಂತಿದ್ದರು. ಯಲ್ಲಾಪುರದ ಕಡೆಯವರು, ಅಪ್ಪಯ್ಯನ ಹಳೇ ಗೆಳೆಯರು. ಇಬ್ಬರೂ ಹರೆಯದಲ್ಲಿ ಒಟ್ಟಿಗೇ ರಾತ್ರಿ ರಾತ್ರಿ ಆಟಕ್ಕೆ ಹೋದವರು. ಕೈಯಲ್ಲಿ ಬಟ್ಟೆಚೀಲ, ಅದರೊಳಗೆ ಜೇನುತುಪ್ಪದ ಬಾಟಲಿ. ಬಾಗಿಲಿಗೆ ಬಂದ ಆಯಿಯನ್ನು, ನನ್ನ ಅಮ್ಮನನ್ನು, ನೋಡಿ ಕೇಳಿದರು, "ರಾಮಚಂದ್ರ ಇದ್ನನಾ?"

ಆಯಿ ಮಾತಾಡಲಿಲ್ಲ. ಅವರು ಆಯಿಯ ಕುತ್ತಿಗೆ ನೋಡಿದರು. ಹಾಗೇ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸುಮಾರು ಹೊತ್ತಾದ ಮೇಲೆ, "ಪೇಪರಲ್ಲಿ ಓದಿದ್ದೆ. ಬೇರೆ ಯಾರೋ ಅಂದ್ಕಂಡಿ" ಅಂದರು. ಆ ಜೇನುತುಪ್ಪದ ಬಾಟಲಿಯನ್ನು ಆಯಿ ಇವತ್ತಿಗೂ ತೆಗೆದಿಲ್ಲ.

ಸಂಘಟಕರೇ, ನೀವು ಇದನ್ನು ಓದ್ತೀರಿ ಅಂತ ಗೊತ್ತು. ಹೊಸ ಫ್ಲೆಕ್ಸ್ ಮಾಡಿಸೋಣ, ಖರ್ಚು ನನ್ನದು. ಬರಹ ನಾನೇ ಬರೆದು ಕೊಡ್ತೇನೆ. ಇಬ್ಬರು ರಾಮಚಂದ್ರ ಹೆಗಡೆಯವರಿಗೂ ಒಂದೊಂದು ಚೌಕ ಬೇಕು, ಕೆರೆಮನೆಯವರಿಗೆ ಬೇರೆ ಬೇರೆ ಚೌಕ ಬೇಕು.

ಗೆಳೆಯರೇ, ತುಳಸಜ್ಜಿಯ ಒಳ್ಳೆಯ ಫೋಟೊ ಯಾರ ಹತ್ತಿರವಾದರೂ ಇದ್ದರೆ ಕಳಿಸಿ. ಸಸಿ ಹಿಡಿದು ಕೂತಿದ್ದು ಸಿಕ್ಕರೆ ಇನ್ನೂ ಒಳ್ಳೇದು. ಶಿವರಾಮ ಹೆಗಡೆಯವರ ಹಳೇ ಫೋಟೊನೂ ಬೇಕು. ಕಳಿಸುವಾಗ ಯಾರದ್ದು, ಯಾವ ಊರು, ಯಾವ ವೇಷ ಅಂತ ಕೆಳಗೆ ಬರೆದೇ ಕಳಿಸಿ.